ಗೇಮಿನಂಗಡಿಯಲ್ಲೊಂದು ಕೊಲೆ: ಗಡಿಯೂರಿನ ಪತ್ತೇದಾರಿ ಕಥೆ ಕಟ್ಟುವ ಬಗೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಆಡಿದ ಮಾತುಗಳ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಪ್ರಮುಖ ಪದಗಳು: ಪತ್ತೇದಾರಿ ಸಾಹಿತ್ಯ, ಗಡಿನಾಡ ಕನ್ನಡ, ವಿಡಿಯೊ ಗೇಮ್, ಸುಳಿವು, ಸಾಕ್ಷಿ, ಸಂಶಯ

ಪ್ರಸ್ತಾವನೆ

ದನಿ ಸರಿಯಾಗಿ ಕೇಳ್ತಾ ಇದೆ ಅಂದುಕೊಳ್ತೀನಿ. ಮಕ್ತಲ್ ಕಡೆಯ ಹಳ್ಳಿಯಿಂದ ಮಾತಾಡ್ತಾ ಇದ್ದೇನೆ, ನಡುವೆ ನೆಟ್‌ವರ್ಕ್ ಹೋದರೆ ದಯವಿಟ್ಟು ಸ್ವಲ್ಪ ತಾಳಿಕೊಳ್ಳಿ.

ಜನಪ್ರಿಯ ಸಾಹಿತ್ಯದ ಮೇಲೆ ಪ್ರಬಂಧ ಮಂಡಿಸಬೇಕು ಅಂತ ನಮ್ಮ ಮೇಡಂ ಹೇಳಿದಾಗ ನಾನು ಪತ್ತೇದಾರಿ ಕಾದಂಬರಿಯನ್ನು ಆರಿಸಿಕೊಂಡೆ. ನಮ್ಮ ಮುತ್ಯಾ ರಾಯಚೂರಿಗೆ ಹೋದಾಗೆಲ್ಲ ಬಸ್‌ಸ್ಟ್ಯಾಂಡಿನಿಂದ ಒಂದು ಪತ್ತೇದಾರಿ ಪುಸ್ತಕ ತರುತ್ತಿದ್ದರು. ನಾನು ಕದ್ದು ಕೊನೆಯ ಪುಟ ಮೊದಲು ಓದಿದರೆ, "ಆಟಾನೇ ಕೆಡಿಸಿದಿ ನೋಡು" ಅಂತ ಬೈಯುತ್ತಿದ್ದರು. ಅವರು ಅದನ್ನು ಕಥೆ ಅನ್ನಲಿಲ್ಲ, ಆಟ ಅಂದರು. ಆ ಮಾತು ತಲೆಯಲ್ಲಿ ಉಳಿದುಬಿಟ್ಟಿತು.

ಓದಿದ ಕಾದಂಬರಿಗಳ ಪಟ್ಟಿ ಕೊಡುವುದಕ್ಕಿಂತ, ಒಂದು ಕೊಲೆ ರಹಸ್ಯವನ್ನು ನಾನೇ ಕಟ್ಟಿ ನೋಡಿದರೆ ಅದರ ಒಳಗಿನ ಕೀಲುಗಳು ತಿಳಿದಾವು ಅನ್ನಿಸಿತು. ಜಾಗ: ಗದ್ವಾಲದಂಥ ಊರಿನ ಒಂದು ವಿಡಿಯೊ ಗೇಮ್ ಅಂಗಡಿ. ಕಾಲ: 2006ರ ಸುಮಾರು. ಅಂಗಡಿ, ಜನ, ಕೊಲೆ ಎಲ್ಲ ಕಲ್ಪನೆ. ಆ ಕಥೆ ಕಟ್ಟುವಾಗ ಏನೇನು ಬೇಕಾಯಿತು, ನನ್ನ ಮೊದಲ ಕರಡು ಎಲ್ಲಿ ಹಾದಿ ತಪ್ಪಿತು ಅನ್ನೋದನ್ನು ಈಗ ವಿವರಿಸುತ್ತೇನೆ.

1. ಊರು ಮತ್ತು ನುಡಿ

ದಕ್ಷಿಣ ಕರ್ನಾಟಕದ ಗೆಳೆಯರಿಗಾಗಿ ನಮ್ಮ ಊರುಗಳ ಬಗ್ಗೆ ಎರಡು ಮಾತು. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ಕಾಲದಲ್ಲಿ ರಾಯಚೂರು ಜಿಲ್ಲೆಗೆ ಸೇರಿದ್ದವು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆದಾಗ ರಾಯಚೂರು ಅತ್ತ ಮೈಸೂರು ರಾಜ್ಯಕ್ಕೆ ಹೋಯಿತು, ಈ ಎರಡು ತಾಲ್ಲೂಕುಗಳು ಇತ್ತ ಆಂಧ್ರಪ್ರದೇಶಕ್ಕೆ ಬಂದವು. ಮುಂದೆ ತೆಲಂಗಾಣ ಆದ ಮೇಲೆ 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆ, 2019ರಲ್ಲಿ ನಾರಾಯಣಪೇಟೆ ಜಿಲ್ಲೆ ಆದವು. ಮಕ್ತಲ್ ಈಗ ನಾರಾಯಣಪೇಟೆ ಜಿಲ್ಲೆಯಲ್ಲಿದೆ. ಬಹುಕಾಲ ‘ನಾರಾಯಣಪೇಟ್ ರೋಡ್’ ಅಂತ ಹೆಸರಾಗಿದ್ದ ರೈಲು ನಿಲ್ದಾಣ ಇರುವುದು ಮಾತ್ರ ಕರ್ನಾಟಕದ ಯಾದಗಿರಿ ಜಿಲ್ಲೆಯ ಸೈದಾಪುರದಲ್ಲಿ. ಹೆಸರು ಒಂದು ರಾಜ್ಯದ್ದು, ನಿಲ್ದಾಣ ಇನ್ನೊಂದು ರಾಜ್ಯದ್ದು.

ಇಂಥ ಕಡೆ ಒಂದೇ ಓಣಿಯಲ್ಲಿ ಕನ್ನಡ, ತೆಲುಗು, ದಖ್ಖನಿ ಉರ್ದು ಮೂರೂ ಓಡಾಡುತ್ತವೆ. ಮನೆಯಲ್ಲಿ "ಹೋಗಿ ಬರ್ತೀನವ್ವಾ", ಬಸ್ಸಿನಲ್ಲಿ ತೆಲುಗು, ಸೀರೆ ಅಂಗಡಿಯಲ್ಲಿ ಅರ್ಧ ಹಿಂದಿ. ನಮಗೆ ಇದು ದಿನದ ಬಳಕೆ. ಪತ್ತೇದಾರಿ ಕಥೆಗೆ ಮಾತ್ರ ಇದು ದೊಡ್ಡ ಬಂಡವಾಳ. ಯಾಕೆ ಅಂತ ಮುಂದೆ ಹೇಳುತ್ತೇನೆ.

2. ಪತ್ತೇದಾರಿ ಕಥೆ ಎಂಬ ಆಟ

ಮುತ್ಯಾ ‘ಆಟ’ ಅಂದದ್ದು ಬರೀ ಮಾತಲ್ಲ. ಅಮೆರಿಕದ ಎಸ್.ಎಸ್. ವ್ಯಾನ್ ಡೈನ್ 1928ರಲ್ಲಿ ಪತ್ತೇದಾರಿ ಕಥೆಗೆ ಇಪ್ಪತ್ತು ನಿಯಮ ಬರೆದಾಗ ಅದನ್ನು ಬುದ್ಧಿಯ ಆಟ ಅಂತಲೇ ಕರೆದ. ಮರುವರ್ಷ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಹತ್ತು ನಿಯಮ ಕೊಟ್ಟ. ಇಬ್ಬರ ತಿರುಳೂ ಒಂದೇ: ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು. ಕೊಲೆಗಾರ ಕಥೆಯ ಮೊದಲ ಭಾಗದಲ್ಲೇ ಕಾಣಿಸಿಕೊಂಡಿರಬೇಕು. ದೆವ್ವ, ಮಂತ್ರ, ಆಕಸ್ಮಿಕಗಳ ಮೇಲೆ ಬಿಡಿಸುವ ಹಾಗಿಲ್ಲ.

ವಿಮರ್ಶಕ ತೊಡೊರೊವ್ 1966ರ ಪ್ರಬಂಧವೊಂದರಲ್ಲಿ ಪತ್ತೇದಾರಿ ಕಥೆಯೊಳಗೆ ಎರಡು ಕಥೆ ಇರುತ್ತವೆ ಅಂತ ತೋರಿಸಿದ. ಒಂದು ಅಪರಾಧದ ಕಥೆ. ಅದು ನಾವು ಪುಸ್ತಕ ತೆರೆಯುವ ಹೊತ್ತಿಗೆ ಮುಗಿದಿರುತ್ತದೆ. ಇನ್ನೊಂದು ತನಿಖೆಯ ಕಥೆ. ಅದು ನಮ್ಮ ಕಣ್ಣ ಮುಂದೆ ನಡೆಯುತ್ತದೆ. ಎರಡನೆಯದು ಮೊದಲನೆಯದನ್ನು ಅಗೆದು ತೆಗೆಯುತ್ತಾ ಹೋಗುತ್ತದೆ.

ಕನ್ನಡದಲ್ಲಿ ಈ ಆಟವನ್ನು ಮನೆಮನೆಗೆ ಮುಟ್ಟಿಸಿದವರು ಎನ್. ನರಸಿಂಹಯ್ಯನವರು. ನಾಲ್ಕನೇ ತರಗತಿವರೆಗೆ ಓದಿದ ಅವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಪುರುಷೋತ್ತಮ, ಮಧುಸೂದನ, ಅರಿಂಜಯ ಇವರು ಅವರ ಪತ್ತೇದಾರರು. ಅತ್ತ ತೆಲುಗಿನಲ್ಲಿ ಕೊಮ್ಮೂರಿ ಸಾಂಬಶಿವರಾವ್ ಅವರ ಡಿಟೆಕ್ಟಿವ್ ಯುಗಂಧರ್ ಅಷ್ಟೇ ಮನೆಮಾತು. ನಮ್ಮ ಕಡೆ ಇಬ್ಬರನ್ನೂ ಓದಿದವರು ಸಿಗುತ್ತಾರೆ. ಆದರೆ ಈ ಪತ್ತೇದಾರರು ಓಡಾಡಿದ್ದು ಹೆಚ್ಚಾಗಿ ಒಂದೇ ನುಡಿಯ ಲೋಕದಲ್ಲಿ. ಸಾಕ್ಷಿ ಒಂದು ಭಾಷೆಯಲ್ಲಿ ಹೇಳಿದ್ದನ್ನು ಪೊಲೀಸರು ಇನ್ನೊಂದರಲ್ಲಿ ಬರೆದುಕೊಳ್ಳುವ ಪೇಚು ಅಲ್ಲಿ ನಾನು ಓದಿದ ಮಟ್ಟಿಗೆ ಬರಲಿಲ್ಲ.

ಇಲ್ಲೊಂದು ಸ್ವಾರಸ್ಯ ಇದೆ. ಈ ಪ್ರಕಾರದ ಮೊದಲ ಕಥೆ ಅಂತ ಎಲ್ಲರೂ ಹೇಳುವ, 1841ರಲ್ಲಿ ಎಡ್ಗರ್ ಅಲನ್ ಪೋ ಬರೆದ ರೂ ಮಾರ್ಗ್ ಬೀದಿಯ ಕೊಲೆಗಳ ಕಥೆ ನಿಂತಿರುವುದೇ ಈ ಪೇಚಿನ ಮೇಲೆ. ಬೇರೆ ಬೇರೆ ದೇಶದ ಸಾಕ್ಷಿಗಳು ಕೋಣೆಯೊಳಗಿನ ಒಂದು ಕೀರಲು ದನಿ ಕೇಳಿರುತ್ತಾರೆ. ಪ್ರತಿಯೊಬ್ಬನೂ ಅದು ತನಗೆ ಬಾರದ ಯಾವುದೋ ಭಾಷೆ ಅನ್ನುತ್ತಾನೆ. ಅಲ್ಲೇ ಪತ್ತೇದಾರನಿಗೆ ಎಳೆ ಸಿಗುತ್ತದೆ. ಅಂದರೆ ಪತ್ತೇದಾರಿ ಕಥೆ ಹುಟ್ಟಿದ್ದೇ ಬಹುಭಾಷೆಯ ಬೀದಿಯಲ್ಲಿ. ಗದ್ವಾಲಕ್ಕೆ ಅದು ಪರಕೀಯ ಅಲ್ಲವೇ ಅಲ್ಲ.

3. ಜೂಜಿನ ಕಟ್ಟೆಯಿಂದ ಗೇಮಿನಂಗಡಿಗೆ

"ವಿಡಿಯೊ ಗೇಮ್ ಅಂಗಡೀಲಿ ಕೊಲೆ, ಇದು ನಮ್ಮ ಪರಂಪರೆಗೆ ಹೊಂದುತ್ತಾ?" ಅಂತ ಒಬ್ಬ ಗೆಳತಿ ಕೇಳಿದಳು. ಆಟದ ಮನೆ ಮತ್ತು ಕೊಲೆಯ ಆರೋಪ ಒಟ್ಟಿಗೆ ಬರುವುದು ನಮಗೆ ಬಹಳ ಹಳೆಯದು. ಶೂದ್ರಕನ ‘ಮೃಚ್ಛಕಟಿಕ’ ನಾಟಕದ ಎರಡನೇ ಅಂಕದಲ್ಲಿ ಸಂವಾಹಕ ಎಂಬ ಜೂಜುಗಾರ ಹತ್ತು ಹೊನ್ನು ಸಾಲ ಮಾಡಿ ಓಡಿಬಂದು, ಪಾಳುಗುಡಿಯಲ್ಲಿ ವಿಗ್ರಹದಂತೆ ನಿಂತುಬಿಡುತ್ತಾನೆ. ಬೆನ್ನಟ್ಟಿ ಬಂದವರು ಅಲ್ಲೇ ಆಟ ಹೂಡುತ್ತಾರೆ. ಆ ಸದ್ದು ಕೇಳಿ ‘ವಿಗ್ರಹ’ಕ್ಕೆ ತಡೆದುಕೊಳ್ಳಲಾಗದೆ ಆಟಕ್ಕೆ ನುಗ್ಗುತ್ತದೆ. ಅದೇ ನಾಟಕದ ಒಂಬತ್ತನೇ ಅಂಕದಲ್ಲಿ ಚಾರುದತ್ತನ ಮೇಲೆ ವಸಂತಸೇನೆಯ ಕೊಲೆಯ ಆರೋಪ ಬರುತ್ತದೆ. ನ್ಯಾಯಸಭೆಯಲ್ಲಿ ಗೆಳೆಯ ಮೈತ್ರೇಯನಿಂದ ಅವಳ ಒಡವೆ ಕೆಳಗೆ ಬೀಳುತ್ತವೆ. ಸಾಕ್ಷಿ ಕಣ್ಣ ಮುಂದೆ ಬಿತ್ತು ಅಂತ ಎಲ್ಲರೂ ತೀರ್ಮಾನಿಸುತ್ತಾರೆ. ಆದರೆ ವಸಂತಸೇನೆ ಸತ್ತೇ ಇಲ್ಲ.

ಕನ್ನಡದ್ದೇ ಬೇಕು ಅಂದರೆ ‘ವಡ್ಡಾರಾಧನೆ’ಯ ವಿದ್ಯುಚ್ಚೋರನ ಕಥೆ ನೋಡಿ. ಕಳ್ಳನನ್ನು ಹಿಡಿದುಕೊಡಲು ಯಮದಂಡ ಎಂಬ ತಳಾರನಿಗೆ ಅರಸ ಏಳು ದಿನದ ಗಡುವು ಕೊಡುತ್ತಾನೆ. ಕಳ್ಳ ಹಗಲು ಕುಷ್ಠರೋಗಿಯ ವೇಷದಲ್ಲಿ ಬಿದ್ದಿರುತ್ತಾನೆ. ಹಿಡಿದು ತಂದು ಎಷ್ಟು ದಂಡಿಸಿದರೂ ಅವನ ಬಾಯಿಂದ ಒಪ್ಪಿಗೆ ಬರುವುದಿಲ್ಲ. ಹಿಂಸೆ ನಿಂತ ಮೇಲೆ ತಾನಾಗಿಯೇ ಹೇಳುತ್ತಾನೆ. ಗಡುವು, ವೇಷ, ಸಂಶಯ, ವಿಚಾರಣೆ, ಕೊನೆಗೆ ಬಿಡಿಸುವಿಕೆ, ಪತ್ತೇದಾರಿ ಕಥೆಯ ಎಲುಬೆಲ್ಲ ಇಲ್ಲಿದೆ.

ಇನ್ನು ಗೇಮಿನಂಗಡಿ. ಇದಕ್ಕೆ ಕರ್ನಾಟಕದ್ದೇ ಒಂದು ಕಾನೂನಿನ ಚರಿತ್ರೆ ಇದೆ. ಬೆಂಗಳೂರಿನಲ್ಲಿ ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಪೊಲೀಸ್ ಪರವಾನಗಿ ಬೇಕು ಎಂಬ ಆದೇಶ 1989ರಲ್ಲಿ ಬಂತು. ವಿಡಿಯೊ ಗೇಮ್ ನಡೆಸುವವರು ಇದನ್ನು ಪ್ರಶ್ನಿಸಿದರು. ಎಂ.ಜೆ. ಶಿವಾನಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಆ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಪರವಾನಗಿ ಬೇಕು ಅಂತಲೇ ಹೇಳಿತು. ಚರ್ಚೆ ನಡೆದದ್ದು ಈ ಆಟದಲ್ಲಿ ಗೆಲುವು ಕೌಶಲದ್ದೋ ಅದೃಷ್ಟದ್ದೋ ಎಂಬುದರ ಸುತ್ತ. ಯಂತ್ರ ನಡೆಸುವವನು ಒಳಗೆ ಕೈಯಾಡಿಸಿ ಫಲಿತಾಂಶ ಬದಲಿಸಬಲ್ಲ ಎಂಬ ಸಂಗತಿಯನ್ನೂ ಕೋರ್ಟು ಗಮನಿಸಿತು. ಮುಂದೆ 2017ರಲ್ಲಿ ತೆಲಂಗಾಣ ತನ್ನ ಜೂಜು ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತು.

ಕೋರ್ಟಿನ ಸಂಶಯ ಯಂತ್ರದ ಮೇಲೆ, ಯಂತ್ರದ ಯಜಮಾನನ ಮೇಲೆ ಇತ್ತು. ಊರಿನ ಸಂಶಯ ಮಾತ್ರ ಯಾವಾಗಲೂ ಆಡುವ ಹುಡುಗನ ಮೇಲೆ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ನನ್ನ ಕಥೆಯ ಕೀಲು ಅದೇ.

4. ಅಂಗಡಿಯ ಒಳಗೆ

ಕೊಲೆ ರಹಸ್ಯಕ್ಕೆ ಒಂದು ಮುಚ್ಚಿದ ಜಾಗ ಬೇಕು: ಹಿಮದಲ್ಲಿ ಸಿಕ್ಕ ರೈಲು, ದ್ವೀಪ, ಬಂಗಲೆ. ನಮ್ಮ ಕಡೆ ಹಿಮವೂ ಇಲ್ಲ, ಬಂಗಲೆಯೂ ಕಡಿಮೆ. ಆದರೆ ಗೇಮಿನಂಗಡಿ ಇತ್ತು. ಒಂದೇ ಬಾಗಿಲು, ಅರ್ಧ ಇಳಿಸಿದ ಶಟರ್, ಒಳಗೆ ಕತ್ತಲು. ನಾಣ್ಯ ಹಾಕಿ ಆಡುವ ಒಂದೆರಡು ಪೆಟ್ಟಿಗೆ ಯಂತ್ರ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಟಿವಿ ಗೇಮ್. ಕ್ಯಾಪ್ಕಾಮ್ ಕಂಪನಿ 1993ರಲ್ಲಿ ತಂದ ‘ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್’ ಆಟವನ್ನು ಆ ಹೆಸರಿನಿಂದ ಕರೆದವರು ಯಾರೂ ಇಲ್ಲ; ಅದರೊಳಗಿನ ಒಂದು ಪಾತ್ರದ ಹೆಸರು ಹಿಡಿದು ಎಲ್ಲರೂ ‘ಮುಸ್ತಫಾ ಗೇಮ್’ ಅನ್ನುತ್ತಿದ್ದರು.

ಈ ಜಾಗದ ಮೂರು ಗುಣ ಕಥೆಗಾರರಿಗೆ ಉಪಯೋಗ. ಒಂದು, ಸದ್ದು. ಪರದೆಯ ಮೇಲೆ ಹೊಡೆದಾಟ ನಡೀತಾನೇ ಇರುತ್ತದೆ, ನಿಜವಾದ ಕೂಗು ಅದರಲ್ಲಿ ಮುಳುಗಿಹೋಗುತ್ತದೆ. ಎರಡು, ದೃಷ್ಟಿ. ಒಳಗೆ ಹದಿನೈದು ಜನ ಇದ್ದರೂ ಎಲ್ಲರ ಕಣ್ಣು ಪರದೆಯಲ್ಲಿ. ಪಕ್ಕದಲ್ಲಿದ್ದವನ ಅಂಗಿಯ ಬಣ್ಣ ಯಾವನಿಗೂ ನೆನಪಿರುವುದಿಲ್ಲ. ಇಷ್ಟು ಜನರ ನಡುವೆ ಒಬ್ಬ ಸಾಕ್ಷಿಯೂ ಇಲ್ಲದ ಜಾಗ ಬೇರೆಲ್ಲಿ ಸಿಕ್ಕೀತು? ಮೂರು, ಯಂತ್ರದ ನೆನಪು. 1979ರಲ್ಲಿ ಅಟಾರಿ ಕಂಪನಿಯ ‘ಆಸ್ಟೆರಾಯ್ಡ್ಸ್’ ಆಟದಲ್ಲಿ ಗೆದ್ದವನು ತನ್ನ ಹೆಸರಿನ ಮೂರು ಅಕ್ಷರ ಅಂಕಪಟ್ಟಿಯಲ್ಲಿ ಬರೆಯಬಹುದಿತ್ತು. ಮುಂದೆ ಅದೇ ರೂಢಿಯಾಯಿತು. ಆದರೆ ಹಳೆಯ ಯಂತ್ರಗಳಲ್ಲಿ ಎಷ್ಟೋ ಯಂತ್ರಗಳು ಈ ಪಟ್ಟಿಯನ್ನು ಕರೆಂಟ್ ಇರುವ ತನಕ ಮಾತ್ರ ನೆನಪಿಡುತ್ತಿದ್ದವು. ಕರೆಂಟ್ ಹೋಗಿ ಬಂದರೆ ಪಟ್ಟಿ ಅಳಿಸಿ, ಮೊದಲಿನ ಸ್ಥಿತಿಗೆ ಹೋಗುತ್ತಿತ್ತು. ನಮ್ಮೂರುಗಳಲ್ಲಿ ಕರೆಂಟ್ ಹೋಗದ ಸಂಜೆ ಯಾವುದಿತ್ತು ಹೇಳಿ?

5. ನಾಲ್ಕು ಸುಳಿವು

ಈಗ ಕಥೆಯ ಅಸ್ಥಿಪಂಜರ. ಸಂಜೆ ಏಳೂವರೆಗೆ ಕರೆಂಟ್ ಹೋಗುತ್ತದೆ. ಹುಡುಗರೆಲ್ಲ ಮನೆಗೆ ಹೋಗುತ್ತಾರೆ. ಎಂಟೂಕಾಲಿಗೆ ಕರೆಂಟ್ ಬರುತ್ತದೆ. ಒಂಬತ್ತಕ್ಕೆ ಬಾಗಿಲು ಹಾಕಲು ಬಂದ ಕೆಲಸದ ಹುಡುಗ ನೋಡಿದರೆ ಅಂಗಡಿಯವನು ಹಿಂದಿನ ಕೋಣೆಯಲ್ಲಿ ತಲೆಗೆ ಪೆಟ್ಟು ಬಿದ್ದು ಸತ್ತಿದ್ದಾನೆ. ಮುಂದಿನ ಯಂತ್ರ ಇನ್ನೂ ಉರಿಯುತ್ತಿದೆ. ಅಂಕಪಟ್ಟಿಯ ತುದಿಯಲ್ಲಿ ಮೂರು ಅಕ್ಷರ. ಅವು ಊರಿನ ಅತಿ ಚುರುಕು ಆಟಗಾರನಾದ, ಅಂಗಡಿಯಲ್ಲಿ ಉದ್ದರಿ ಬಾಕಿ ಇಟ್ಟಿದ್ದ ಕನ್ನಡದ ಮನೆಯ ಹುಡುಗನ ಹೆಸರಿನವು. ಊರು ಅಲ್ಲೇ ತೀರ್ಪು ಕೊಟ್ಟುಬಿಡುತ್ತದೆ.

ಮೊದಲ ಸುಳಿವು ಹೊತ್ತಿನದು. ಕರೆಂಟ್ ಹೋದಾಗ ಪಟ್ಟಿ ಅಳಿದಿದೆ. ಆದ್ದರಿಂದ ಆ ಮೂರು ಅಕ್ಷರ ಬಂದದ್ದು ಎಂಟೂಕಾಲರ ನಂತರ, ಒಂಬತ್ತರ ಒಳಗೆ. ಈ ಸುಳಿವು ಮೊದಲು ಹುಡುಗನ ವಿರುದ್ಧವೇ ತಿರುಗುತ್ತದೆ. ಕೊಲೆಯಾದ ಹೊತ್ತಿಗೆ ಅವನು ಅಲ್ಲಿದ್ದ ಅಂತ ತೋರುತ್ತದೆ.

ಎರಡನೆಯದು ಅಂಕ. ಯಂತ್ರ ಮರೆಯುತ್ತದೆ ಅಂತ ಅಂಗಡಿಯವನು ಒಳ್ಳೆಯ ಅಂಕಗಳನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದ. ಈ ಗೋಡೆಯನ್ನು ಕಥೆಯ ಎರಡನೇ ಪುಟದಲ್ಲೇ ತೋರಿಸಬೇಕು, ಇಲ್ಲದಿದ್ದರೆ ಓದುಗರಿಗೆ ಮೋಸ. ಗೋಡೆಯ ಮೇಲೆ ಹುಡುಗನ ಅಂಕ ಬಲು ದೊಡ್ಡದು. ಪರದೆಯ ಮೇಲಿನದು ತೀರಾ ಸಣ್ಣದು. ಅಳಿದ ಪಟ್ಟಿಯಲ್ಲಿ ಸಣ್ಣ ಅಂಕವೂ ತುದಿಗೇರುತ್ತದೆ, ಅಷ್ಟೇ. ಅಂದರೆ ಆಡಿದವನಿಗೆ ಆಟ ಚೆನ್ನಾಗಿ ಬರುತ್ತಿರಲಿಲ್ಲ.

ಮೂರನೆಯದು ಅಕ್ಷರಗಳ ಕ್ರಮ. ತೆಲುಗಿನಲ್ಲಿ ಮನೆತನದ ಹೆಸರು, ಅಂದರೆ ಇಂಟಿಪೇರು, ಮೊದಲು ಬರುತ್ತದೆ. ಉತ್ತರ ಕರ್ನಾಟಕದ ಕಡೆ ಅಡ್ಡಹೆಸರು ಕೊನೆಗೆ. ನಮ್ಮ ಕಡೆಯ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಒಂದು ಕ್ರಮ, ಕಾಗದದ ಮೇಲೆ ಇನ್ನೊಂದು. ಗೋಡೆಯ ಮೇಲೆ ಹುಡುಗ ಹೇಳಿ ಬರೆಸಿದ ಅಕ್ಷರಗಳಲ್ಲಿ ಅಡ್ಡಹೆಸರು ಕೊನೆಗಿದೆ. ಪರದೆಯ ಮೇಲೆ ಅದು ಮೊದಲಿಗಿದೆ. ಅಂಗಡಿಯ ಉದ್ದರಿ ವಹಿಯಲ್ಲಿ ತೆಲುಗು ಪದ್ಧತಿಯಂತೆ ಬರೆದ ಕ್ರಮವೂ ಅದೇ. ಹಾಗಾದರೆ ಪರದೆಯ ಮೇಲೆ ಬರೆದವನು ಹುಡುಗನನ್ನು ವಹಿಯ ಮೂಲಕ ಮಾತ್ರ ಬಲ್ಲವನು. ಹುಡುಗ ತನ್ನ ಹೆಸರನ್ನು ತಾನೇ ತಿರುವಿ ಬರೆಯಲಾರ.

ನಾಲ್ಕನೆಯದು ಒಂದು ಮಾತು. ಎದುರಿಗೆ ಚಹಾ ಮಾರುವ ಮುದುಕಿಯನ್ನು ಪೊಲೀಸರು ಕೇಳುತ್ತಾರೆ: ಕರೆಂಟ್ ಬಂದ ಮೇಲೆ ಹುಡುಗ ಎಲ್ಲಿದ್ದ? ಅವಳು ಬಸ್‌ಸ್ಟ್ಯಾಂಡಿನ ಕಡೆ ಕೈ ಮಾಡಿ "ಆಡುನ್ನಡು" ಅನ್ನುತ್ತಾಳೆ. ತೆಲಂಗಾಣದ ಆಡುಮಾತಿನಲ್ಲಿ ‘ಆಡ’ ಅಂದರೆ ಅಲ್ಲಿ, ‘ಈಡ’ ಅಂದರೆ ಇಲ್ಲಿ. ಆಡ ಉನ್ನಡು, ಅಲ್ಲಿ ಇದ್ದಾನೆ. ಆದರೆ ಬರೆದುಕೊಳ್ಳುವವನ ಮನೆಮಾತು ಕನ್ನಡ, ಕಲಿತದ್ದು ಪುಸ್ತಕದ ತೆಲುಗು. ಅದರಲ್ಲಿ ‘ಅಲ್ಲಿ’ಗೆ ‘ಅಕ್ಕಡ’ ಎನ್ನುತ್ತಾರೆ. ಕನ್ನಡದಲ್ಲೂ ತೆಲುಗಿನಲ್ಲೂ ‘ಆಡು’ ಅಂದರೆ ಆಟ ಆಡುವುದು. ಅದೂ ಗೇಮಿನಂಗಡಿಯ ಎದುರು ನಿಂತು ಕೇಳಿದ ಮಾತು. ಅವನ ಕಿವಿಗೆ ‘ಆಡುತ್ತಿದ್ದಾನೆ’ ಅಂತಲೇ ಬೀಳುತ್ತದೆ, ಹಾಗೇ ಬರೆದುಕೊಳ್ಳುತ್ತಾನೆ. ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದ ಹುಡುಗ ಕಾಗದದ ಮೇಲೆ ಅಂಗಡಿಯೊಳಗೆ ಬಂದು ಕೂತುಬಿಡುತ್ತಾನೆ.

ಅವನು ಕೆಟ್ಟವನೇನಲ್ಲ. ಕೇಳಬೇಕು ಅಂದುಕೊಂಡದ್ದನ್ನು ಕೇಳಿದ. ಮುದುಕಿ ಕೈ ಮಾಡಿದ ದಿಕ್ಕು ಮಾತ್ರ ಬರಹಕ್ಕೆ ಇಳಿಯಲಿಲ್ಲ.

ಕೊಲೆಗಾರ ಯಾರು? ಪಾಲಿನ ಲೆಕ್ಕದಲ್ಲಿ ಅಂಗಡಿಗೆ ಯಂತ್ರ ತಂದಿಟ್ಟವನು. ಹುಡುಗರ ದುಡ್ಡು ಬೇಗ ಕರಗಲಿ ಅಂತ ಯಂತ್ರದ ಒಳಗೆ ಕೈಯಾಡಿಸಿದ್ದ. ಅಂಗಡಿಯವನಿಗೆ ಅದು ಗೊತ್ತಾಗಿ ಜಗಳವಾಗಿತ್ತು. ವಾರಕ್ಕೊಮ್ಮೆ ವಹಿ ನೋಡಿ ಪಾಲು ಎಣಿಸಿಕೊಂಡು ಹೋಗುವವನಾದ್ದರಿಂದ ಹುಡುಗನ ಹೆಸರು ಗೊತ್ತು, ಮುಖ ಗೊತ್ತಿಲ್ಲ. ಕರೆಂಟ್ ಹೋದರೆ ಪಟ್ಟಿ ಅಳಿಯುತ್ತದೆ ಅನ್ನೋದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

6. ಒಪ್ಪಿಗೆಯೇ ಸಾಕ್ಷಿಯಲ್ಲ

ನಮ್ಮ ಎಷ್ಟೋ ಪತ್ತೇದಾರಿ ಕಥೆಗಳು ಕೊನೆಗೆ ಎಲ್ಲರನ್ನೂ ಕೂಡಿಸಿ, ಅಪರಾಧಿ ಬಾಯಿಬಿಡುವಲ್ಲಿಗೆ ಮುಗಿಯುತ್ತವೆ. ಓದಲು ಚೆನ್ನ. ಆದರೆ ನಮ್ಮ ಕಾನೂನಿನಲ್ಲಿ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಾಗಿ ಬಳಸುವ ಹಾಗಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮು ಇದನ್ನೇ ಹೇಳುತ್ತಿತ್ತು. ಹೊಡೆದು ಬಡಿದು ಬಾಯಿ ಬಿಡಿಸುವುದನ್ನು ತಡೆಯಲು ಇದ್ದ ನಿಯಮ ಇದು. ವಿದ್ಯುಚ್ಚೋರನ ಕಥೆ ಬರೆದವರಿಗೂ ಈ ತಿಳಿವಳಿಕೆ ಇತ್ತು ಅನ್ನಿಸುತ್ತದೆ: ದಂಡನೆಗೆ ನಿಜ ಹೊರಬರುವುದಿಲ್ಲ.

ಇನ್ನೊಂದು ನಿಯಮ ನನ್ನ ಕಥೆಗೆ ಬಹಳ ಮುಖ್ಯ. ತನಿಖೆಯ ವೇಳೆ ಪೊಲೀಸರು ಬರೆದುಕೊಂಡ ಹೇಳಿಕೆಗೆ ಹೇಳಿದವರಿಂದ ಸಹಿ ಹಾಕಿಸುವ ಹಾಗಿಲ್ಲ ಎಂದು ದಂಡ ಪ್ರಕ್ರಿಯಾ ಸ��ಹಿತೆಯ 162ನೇ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಹೊಸ ಸಂಹಿತೆಗಳು ಬಂದರೂ ಈ ಎರಡೂ ತತ್ವ ಮುಂದುವರಿದಿವೆ. ನಾಗರಿಕರ ರಕ್ಷಣೆಗೇ ಇರುವ ನಿಯಮ. ಆದರೆ ನನ್ನ ಮುದುಕಿಯ ಕಥೆಯಲ್ಲಿ ಅದರ ಇನ್ನೊಂದು ಮಗ್ಗಲು ಕಾಣುತ್ತದೆ. ಸಹಿಗಾಗಿ ಯಾರೂ ಅವಳಿಗೆ ಓದಿ ಹೇಳಲಿಲ್ಲ, ತನ್ನ ಮಾತು ಏನಾಯಿತು ಅಂತ ಅವಳಿಗೆ ತಿಳಿಯಲೇ ಇಲ್ಲ. ನ್ಯಾಯಾಲಯದ ಕಟ್ಟೆ ಹತ್ತಿ ಮತ್ತೆ ಹೇಳುವ ತನಕ ತಪ್ಪು ತಪ್ಪಾಗಿಯೇ ಉಳಿಯುತ್ತದೆ. ಅಷ್ಟರಲ್ಲಿ ಹುಡುಗನ ಎಷ್ಟು ವರ್ಷ ಹೋಗಿರುತ್ತವೆ?

7. ನನ್ನ ಮೊದಲ ಕರಡು

ಈಗ ಹಾದಿ ತಪ್ಪಿದ್ದರ ವಿಷಯ. ಮೊದಲ ಕರಡಿನಲ್ಲಿ ಕೊಲೆಗಾರ ಆ ಹುಡುಗನೇ ಆಗಿದ್ದ. ಆಟದ ಚಟ, ಉದ್ದರಿ, ಸಿಟ್ಟು, ಕೊಲೆ. ಬರೆದು ಮುಗಿಸಲು ಎರಡೇ ದಿನ ಸಾಕಾಯಿತು. ಇಷ್ಟು ಸಲೀಸಾಗಿ ಯಾಕೆ ಬಂತು ಅಂತ ಯೋಚಿಸಿದಾಗ ನಿದ್ದೆ ಬರಲಿಲ್ಲ.

ನಾನು ಐದನೇ ಇಯತ್ತೆಯಲ್ಲಿದ್ದಾಗ ನಮ್ಮ ದೊಡ್ಡಪ್ಪನ ಮಗ ಒಂಬತ್ತರಲ್ಲಿದ್ದ. ಅಣ್ಣನಿಗೆ ಗೇಮಿನ ಹುಚ್ಚು. ಒಂದಿನ ಊರಿನ ಗೇಮಿನಂಗಡಿಯ ಗಲ್ಲಾಪೆಟ್ಟಿಗೆಯಿಂದ ದುಡ್ಡು ಹೋಯಿತು. ಪೊಲೀಸು ಗಿಲೀಸು ಏನಿಲ್ಲ, ಕಟ್ಟೆಯ ಮೇಲೆ ಹಿರಿಯರು ಕೂತರು. "ದಿನಾ ಅಲ್ಲೇ ಬಿದ್ದಿರ್ತಾನ, ಅವನಲ್ದ ಇನ್ಯಾರು?" ಅಂದರು. ಅಣ್ಣ ಇಲ್ಲ ಅಂದ. ಹೊಡೆದರು. ಮತ್ತೂ ಇಲ್ಲ ಅಂದ. ದೊಡ್ಡಪ್ಪ ಸಾಲ ಮಾಡಿ ದುಡ್ಡು ಕಟ್ಟಿದರು. ಕಟ್ಟಿದ್ದೇ ಒಪ್ಪಿಕೊಂಡ ಹಾಗೆ ಆಯಿತು.

ಆ ಸಂಜೆ ದೊಡ್ಡವ್ವ ಅಣ್ಣನನ್ನು ಊಟಕ್ಕೆ ಕರೆದು ತಾ ಅಂತ ನನ್ನನ್ನೇ ಕಳಿಸಿದ್ದರು. ಹೆಣ್ಣುಮಕ್ಕಳು ಆ ಅಂಗಡಿಯೊಳಗೆ ಹೋಗುತ್ತಿರಲಿಲ್ಲ. ನಾನು ಯಾವಾಗಲೂ ಶಟರಿನ ಕೆಳಗೆ ಬಗ್ಗಿ ನೋಡಿ ಕೂಗುವವಳು. ಆವತ್ತು ಒಳಗೆ ಕೆಲಸಕ್ಕಿದ್ದವನು, "ನಿಮ್ಮಣ್ಣ ಇವತ್ತ ಬಂದೇ ಇಲ್ಲವ್ವಾ, ಹೋಗು" ಅಂದಿದ್ದ. ಕಟ್ಟೆಯ ಮುಂದೆ ಅವನು ಬಾಯಿ ಬಿಡಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹತ್ತು ವರ್ಷದ ಹುಡುಗಿ, ದೊಡ್ಡವರ ನಡುವೆ ಮಾತಾಡಬಾರದು ಅಂತ ಕಲಿಸಿದ್ದರು. ಮುಂದೆ ದುಡ್ಡು ತೆಗೆದವನು ಅಂಗಡಿಯವರ ಕಡೆಯವನೇ ಅಂತ ಎಲ್ಲರಿಗೂ ಗೊತ್ತಾಯಿತು. ಅದನ್ನು ಹೇಳಲು ಮಾತ್ರ ಯಾರೂ ಕಟ್ಟೆಯ ಮೇಲೆ ಕೂಡಲಿಲ್ಲ. ಅಷ್ಟರಲ್ಲಿ ಅಣ್ಣ ಶಾಲೆ ಬಿಟ್ಟಿದ್ದ. ಪಾಲಮೂರು ಕಡೆಯ ಸಾವಿರಾರು ಮಂದಿ ಹೋಗುವ ಹಾಗೆ ಅವನೂ ಕಟ್ಟಡ ಕೆಲಸಕ್ಕೆ ಹೋದ.

ಇಷ್ಟೆಲ್ಲ ಗೊತ್ತಿದ್ದ ನಾನೇ ಕಥೆ ಬರೆಯಲು ಕೂತಾಗ ಮೊದಲು ಹಿಡಿದದ್ದು ಆ ಹುಡುಗನನ್ನು. ಸಂಶಯ ಎಷ್ಟು ಒಳಗೆ ಇಳಿದಿರುತ್ತದೆ ಅನ್ನೋದಕ್ಕೆ ನನ್ನ ಕರಡೇ ಸಾಕ್ಷಿ. ಎರಡನೇ ಕರಡಿನಲ್ಲಿ ನಾಲ್ಕು ಸುಳಿವನ್ನು ಕೂಡಿಸುವ ಪತ್ತೇದಾರ ಹೊರಗಿನಿಂದ ಬಂದ ಗಂಡಸಲ್ಲ, ಶಟರಿನ ಕೆಳಗಿನಿಂದ ಒಳಗೆ ನೋಡುತ್ತಿದ್ದ ಹುಡುಗಿ. ಗೋಡೆಯ ಮೇಲಿನ ಸೀಮೆಸುಣ್ಣದ ಅಕ್ಷರ ಅವಳಿಗೆ ಕಾಣುತ್ತಿತ್ತು. ಪರದೆ ನೋಡುತ್ತಾ ಕೂತವರಿಗೆ ಕಾಣುತ್ತಿರಲಿಲ್ಲ.

ಉಪಸಂಹಾರ

ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ದಲ್ಲಿ ಒಬ್ಬ ವಿಜ್ಞಾನಿಯ ಸಾವಿನ ತನಿಖೆ ಶುರುವಾಗಿ, ಕೊನೆಗೆ ಇಡೀ ಊರಿನ ಸ್ಥಿತಿಯೇ ತನಿಖೆಗೆ ಒಳಗಾಗುತ್ತದೆ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಕಾದಂಬರಿ ನಮ್ಮ ಪಠ್ಯದಲ್ಲಿ ಬರುತ್ತದೆ, ನರಸಿಂಹಯ್ಯನವರು ಬರುವುದಿಲ್ಲ. ಇಬ್ಬರನ್ನೂ ಒಂದೇ ಮೇಜಿನ ಮೇಲಿಟ್ಟು ಓದಬೇಕು ಎಂಬುದು ನನ್ನ ವಿನಂತಿ. ಪತ್ತೇದಾರಿ ಕಥೆ ಓದುಗರಿಗೆ ಕಲಿಸುವುದು ಒಂದು ಶಿಸ್ತು: ಮೊದಲು ಅನ್ನಿಸಿದವನನ್ನು ಹಿಡಿಯಬೇಡ, ಸುಳಿವು ಎಣಿಸು. ಗಡಿಯೂರಿನಲ್ಲಿ ಅದಕ್ಕೆ ಇನ್ನೊಂದು ಸೇರುತ್ತದೆ: ಕೇಳಿಸಿದ ಮಾತು ಯಾವ ಭಾಷೆಯದು ಅಂತ ಮತ್ತೊಮ್ಮೆ ಕೇಳು.

ಸಂವಾದ

ಪ್ರಶ್ನೆ (ಒಬ್ಬ ಪ್ರಾಧ್ಯಾಪಕರು): ‘ಆಡ’ ಎಂಬ ಸುಳಿವು ಬೆಂಗಳೂರು, ಮೈಸೂರಿನ ಓದುಗರಿಗೆ ಹೊಳೆಯುವುದಿಲ್ಲ. ಹಾಗಾದರೆ ಆಟದ ನಿಯಮ ಮುರಿದಂತೆ ಆಗಲಿಲ್ಲವೇ?

ಉತ್ತರ: ಒಳ್ಳೆಯ ಪ್ರಶ್ನೆ ಸರ್. ಅದಕ್ಕೇ ಕಥೆಯ ಮೊದಲಲ್ಲಿ ಒಂದು ಸಣ್ಣ ಪ್ರಸಂಗ ಇಟ್ಟಿದ್ದೇನೆ. ಬಸ್ಸಿನಲ್ಲಿ ಕಂಡಕ್ಟರ್ "ಈಡ ಕೂಸೋ" ಅನ್ನುತ್ತಾನೆ, ರಾಯಚೂರಿನಿಂದ ಬಂದ ಅತ್ತೆ ಅರ್ಥವಾಗದೆ ಕೂಸು ಎಲ್ಲಿದೆ ಅಂತ ಹುಡುಕುತ್ತಾಳೆ. ಓದುಗರು ನಕ್ಕು ಮುಂದೆ ಹೋಗುತ್ತಾರೆ. ‘ಇಲ್ಲಿ ಕೂತುಕೋ’ ಅಂತ ಅರ್ಥ ಅಲ್ಲೇ ಬಿಡಿಸಿರುತ್ತದೆ. ‘ಈಡ’ ತಿಳಿದವರಿಗೆ ‘ಆಡ’ ಹೊಳೆಯಲೇಬೇಕು.

ಪ್ರಶ್ನೆ (ಒಬ್ಬ ಸಹಪಾಠಿ): ನಿಮ್ಮ ಅಣ್ಣ ಈ ಕಥೆ ಓದಿದ್ದಾರಾ?

ಉತ್ತರ: ನಾನು ಓದಿ, ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದೆ. ಎರಡು ದಿನ ಉತ್ತರ ಇಲ್ಲ. ಆಮೇಲೆ ಫೋನ್ ಮಾಡಿದ. ಕೊಲೆಗಾರನ ಬಗ್ಗೆ ಒಂದು ಮಾತೂ ಆಡಲಿಲ್ಲ. "ಎಲ್ಲಾ ಚಲೋ ಅದ ತಂಗಿ, ಕೊನಿಗೆ ಆ ಹುಡುಗ ತಿರುಗಿ ಶಾಲಿಗೆ ಹೋದ್ನೇನು?" ಅಂತ ಕೇಳಿದ. ನನ್ನ ಕಥೆ ಕೊಲೆಗಾರ ಸಿಕ್ಕಲ್ಲಿಗೆ ಮುಗಿದಿತ್ತು. ಈಗ ಇನ್ನೊಂದು ಅಧ್ಯಾಯ ಬರೆಯುತ್ತಾ ಇದ್ದೇನೆ.